ಹೆಸರು ಕಳೆದುಕೊಂಡ ಬ್ಯಾಂಕು

(ಲಂಡನ್ನಿನಲ್ಲಿ ನಡೆದ ನಮ್ಮ ವಾರ್ಷಿಕ ಸಮಾವೇಶದ 'ನಮ್ಮ ಕೆಲಸ, ನಮ್ಮ ಬದುಕು' ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬ್ಯಾಂಕಿನಲ್ಲಿ ಕೆಲಸ ಮಾಡ್ತೀರಲ್ಲ, ಅದರ ಬಗ್ಗೆ ಏನಾದರೂ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದರು. ನಾನು ದೊಡ್ಡ ಬ್ಯಾಂಕರ್ ಅಲ್ಲ. ಸೆಟಲ್‌ಮೆಂಟ್ ವಿಭಾಗದವನು. ಮೇಲಿನ ಮಹಡಿಯವರು ಷೇರು, ಬಾಂಡು ಮಾರಿ ಕೊಂಡು ಮಾಡಿದ ಮೇಲೆ ದುಡ್ಡು ಸರಿಯಾದ ಕಡೆ ಹೋಯ್ತಾ, ಕಾಗದ ಸರಿಯಾದ ಕಡೆ ಬಂತಾ ಅಂತ ನೋಡುವುದು ನಮ್ಮ ಕೆಲಸ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರ ಹಾಗೆ. ಫೋಟೋದಲ್ಲಿ ನಾವು ಇರುವುದಿಲ್ಲ, ಆದರೆ ನಾವು ಇಲ್ಲದಿದ್ದರೆ ಊಟ ಬಡಿಸೋಕೆ ಆಗುವುದಿಲ್ಲ.

ಇವತ್ತು ನಾನು ಹೇಳಬೇಕು ಅಂತಿರೋದು ಇದೇ ಊರಿನಲ್ಲಿ ಹುಟ್ಟಿ, ಬೆಳೆದು, ಇದೇ ಊರಿನಲ್ಲಿ ಕಾಣೆಯಾದ ಒಂದು ಬ್ಯಾಂಕಿನ ಕತೆ. ಹೆಸರು ಎಸ್. ಜಿ. ವಾರ್‌ಬರ್ಗ್. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ ಪಕ್ಕದ ಬ್ರಾಡ್‌ಗೇಟ್‌ನಲ್ಲಿ ನಿಮ್ಮಲ್ಲಿ ಎಷ್ಟೋ ಜನ ಓಡಾಡ್ತೀರಿ. ಅಲ್ಲಿನ ಫಿನ್ಸ್‌ಬರಿ ಅವೆನ್ಯೂದಲ್ಲಿ ಅದರ ಕಚೇರಿ ಇತ್ತು. ಈಗ ಹೋಗಿ ಹುಡುಕಿದರೆ ಆ ಹೆಸರಿನ ಫಲಕ ಸಿಗುವುದಿಲ್ಲ. ದಿವಾಳಿ ಆಯ್ತಾ? ಇಲ್ಲ. ಯಾರಾದರೂ ಮೋಸ ಮಾಡಿದರಾ? ಅದೂ ಇಲ್ಲ. ಒಂದರ ಮೇಲೊಂದು ವಿಲೀನ ಆಗಿ ಆಗಿ, ಕೊನೆಗೆ ಹೆಸರೂ ಉಳಿಯಲಿಲ್ಲ.

ಮೊದಲು ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದರೆ ಏನು ಅಂತ ಎರಡು ಮಾತು. ನಮ್ಮ ಅಪ್ಪ ಅಮ್ಮ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿದ್ದ ಬ್ಯಾಂಕು ಇದಲ್ಲ. ಇಲ್ಲಿ ಉಳಿತಾಯ ಖಾತೆ ಇಲ್ಲ, ಚಿನ್ನದ ಸಾಲ ಇಲ್ಲ. ಒಂದು ಕಂಪನಿಗೆ ದೊಡ್ಡ ದುಡ್ಡು ಬೇಕು, ದುಡ್ಡಿರುವವರು ಇನ್ನೆಲ್ಲೋ ಇದ್ದಾರೆ. ಇಬ್ಬರನ್ನೂ ಸೇರಿಸಿ ಕಮಿಷನ್ ತಗೊಳ್ಳುವುದು ಒಂದು ಕೆಲಸ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಎಷ್ಟು, ಹೇಗೆ ಅಂತ ಸಲಹೆ ಕೊಡುವುದು ಇನ್ನೊಂದು. ಒಂದು ರೀತಿ ಮದುವೆ ಬ್ರೋಕರ್ ಅಂತ ಇಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ ಹಿಂದೆ ಇವಕ್ಕೆ ಮರ್ಚೆಂಟ್ ಬ್ಯಾಂಕ್ ಅಂತಿದ್ದರು. ಬ್ಯಾರಿಂಗ್ಸ್, ಹ್ಯಾಂಬ್ರೋಸ್, ಲಜಾರ್ಡ್ಸ್, ಶ್ರೋಡರ್ಸ್ ಎಲ್ಲ ಹಳೇ ಮನೆತನಗಳು. ಆ ಬಳಗಕ್ಕೆ ಹೊರಗಿನಿಂದ ಬಂದವನು ವಾರ್‌ಬರ್ಗ್.

ಸೀಗ್‌ಮುಂಡ್ ವಾರ್‌ಬರ್ಗ್ ಹುಟ್ಟಿದ್ದು 1902ರಲ್ಲಿ, ದಕ್ಷಿಣ ಜರ್ಮನಿಯ ಯಹೂದಿ ಮನೆತನದಲ್ಲಿ. ಅವರ ಕುಟುಂಬದ ಬ್ಯಾಂಕು, ಎಂ. ಎಂ. ವಾರ್‌ಬರ್ಗ್, ಹ್ಯಾಂಬರ್ಗ್ ಊರಿನಲ್ಲಿ 1798ರಿಂದಲೇ ಇತ್ತು. 1933ರಲ್ಲಿ ಹಿಟ್ಲರ್ ಬಂದ. ಇದು ಹೆಚ್ಚು ದಿನ ಇರಲ್ಲ, ಸರಿಹೋಗುತ್ತೆ ಅಂತ ಎಷ್ಟೋ ಜನ ಕಾದರು. ಸೀಗ್‌ಮುಂಡ್ ಕಾಯಲಿಲ್ಲ. ಹೆಂಡತಿ ಮಕ್ಕಳ ಜೊತೆ ಹೊರಟು ಬಂದು, 1934ರಲ್ಲಿ ಲಂಡನ್ನಿನಲ್ಲಿ ನ್ಯೂ ಟ್ರೇಡಿಂಗ್ ಕಂಪನಿ ಅನ್ನೋ ಸಣ್ಣ ಸಂಸ್ಥೆ ಶುರು ಮಾಡಿದ. ಅದಕ್ಕೆ ತನ್ನ ಹೆಸರು ಇಟ್ಟುಕೊಳ್ಳಲಿಲ್ಲ ಅನ್ನೋದನ್ನ ಗಮನಿಸಿ. ಅವನ ಹಾಗೆಯೇ ಜರ್ಮನಿ ಬಿಟ್ಟು ಬಂದ ಹೆನ್ರಿ ಗ್ರುನ್‌ಫೆಲ್ಡ್ ಜೊತೆಗೂಡಿದ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಕಂಪನಿಗೆ ಎಸ್. ಜಿ. ವಾರ್‌ಬರ್ಗ್ ಅಂತ ಹೆಸರಿಟ್ಟರು.

ಪರದೇಶದಲ್ಲಿ ಬಂದು ನಿಂತವರ ಕಷ್ಟ ನಮಗೆ ಹೇಳಿಕೊಡಬೇಕಾಗಿಲ್ಲ. ಮಾತಿನ ಧಾಟಿ ಬೇರೆ, ಓದಿದ ಶಾಲೆ ಬೇರೆ. ಲಂಡನ್ ಸಿಟಿಯ ದೊಡ್ಡ ಮನುಷ್ಯರು ಇವರನ್ನು ಹತ್ತಿರ ಸೇರಿಸಲಿಲ್ಲ. ಹಾಗಾಗಿ ಇವರು ಅವರಿಗಿಂತ ಮುಂಚೆ ಬಂದರು, ಅವರಿಗಿಂತ ತಡವಾಗಿ ಹೋದರು. ಪ್ರತಿದಿನ ಬೆಳಿಗ್ಗೆ 9:15ಕ್ಕೆ ಎಲ್ಲ ಹಿರಿಯರೂ ಸೇರಿ ಕೂರುವುದು. ಬಂದ ಪತ್ರಗಳನ್ನು ಒಬ್ಬರೇ ಇಟ್ಟುಕೊಳ್ಳದೆ ಹಿರಿಯರೆಲ್ಲ ಓದುವುದು. ಗ್ರಾಹಕರನ್ನು ಭೇಟಿ ಮಾಡಿದರೆ ತಕ್ಷಣ ಟಿಪ್ಪಣಿ ಬರೆದು ಹಂಚುವುದು. ಮಧ್ಯಾಹ್ನದ ಊಟಕ್ಕೂ ಎರಡು ಪಂಕ್ತಿ, ಯಾಕಂದರೆ ಆಗ ದುಪ್ಪಟ್ಟು ಗ್ರಾಹಕರನ್ನು ಕರೆಯಬಹುದು! ಕಚೇರಿ ಬಾಗಿಲಿಗೆ ನಾಮಫಲಕ ಕೂಡ ಇರಲಿಲ್ಲ. ಇನ್ನೊಂದು ವಿಚಿತ್ರ ಅಂದರೆ, ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಅಭ್ಯರ್ಥಿಯ ಕೈಬರಹವನ್ನು ತಜ್ಞರಿಗೆ ಕಳಿಸಿ ಗುಣ ಪರೀಕ್ಷೆ ಮಾಡಿಸುತ್ತಿದ್ದರು. ನನ್ನ ಕೈಬರಹಕ್ಕೆ ಅಲ್ಲಿ ಕೆಲಸ ಸಿಗುತ್ತಿರಲಿಲ್ಲ, ಬಿಡಿ.

ಇವರಿಗೆ ಹೆಸರು ತಂದದ್ದು ಎರಡು ಘಟನೆ.

ಮೊದಲನೆಯದು 1958-59ರ ಅಲ್ಯೂಮಿನಿಯಂ ಯುದ್ಧ. ಬ್ರಿಟಿಷ್ ಅಲ್ಯೂಮಿನಿಯಂ ಅನ್ನೋ ಕಂಪನಿಯನ್ನು ಕೊಳ್ಳಲು ಅಮೆರಿಕದ ರೆನಾಲ್ಡ್ಸ್ ಮತ್ತು ಇಲ್ಲಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆಯಾಗಿ ಬಂದವು. ಅವರ ಪರ ನಿಂತದ್ದು ವಾರ್‌ಬರ್ಗ್. ಕಂಪನಿಯ ಆಡಳಿತ ಮಂಡಳಿ ಒಪ್ಪಲಿಲ್ಲ, ಅಲ್ಕೋವಾ ಜೊತೆ ಒಪ್ಪಂದ ಮಾಡಿಕೊಂಡಿತು. ಸಿಟಿಯ ಹಳೇ ಬ್ಯಾಂಕುಗಳಲ್ಲಿ ಹೆಚ್ಚಿನವು ಮಂಡಳಿಯ ಪರ. ಮಂಡಳಿ ಒಪ್ಪದಿದ್ದರೆ ವಾಪಸ್ ಹೋಗಬೇಕು ಅನ್ನೋದು ಆಗಿನ ಶಿಷ್ಟಾಚಾರ. ಕಂಪನಿಯ ಒಡೆಯರು ಮಂಡಳಿಯವರಲ್ಲ, ಷೇರುದಾರರು ತಾನೇ ಅಂತ ಹೇಳಿ ವಾರ್‌ಬರ್ಗ್ ಪಾಳಯ ನೇರ ಮಾರುಕಟ್ಟೆಯಲ್ಲೇ ಷೇರು ಕೊಳ್ಳುತ್ತಾ ಹೋಯಿತು. 1959ರ ಜನವರಿ ಹೊತ್ತಿಗೆ ಗೆದ್ದಾಗಿತ್ತು. ಈಗ ನಾವು ಸುದ್ದಿಯಲ್ಲಿ ಓದುವ 'ಹೋಸ್ಟೈಲ್ ಟೇಕೋವರ್' ಈ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ಬೇರುಬಿಟ್ಟದ್ದು ಅಲ್ಲಿಂದ.

ಎರಡನೆಯದು ಯುರೋಬಾಂಡ್. 1963ರ ಜುಲೈ 1. ಇಟಲಿಯಲ್ಲಿ ಹೆದ್ದಾರಿ ಕಟ್ಟುವ ಆಟೋಸ್ತ್ರಾದೆ ಕಂಪನಿಗೆ ಒಂದೂವರೆ ಕೋಟಿ ಡಾಲರ್ ಸಾಲ ಬೇಕು. ಡಾಲರ್ ಬೇಕಂದರೆ ನ್ಯೂಯಾರ್ಕಿಗೆ ಹೋಗಬೇಕಿತ್ತು. ಆದರೆ ಯುರೋಪಿನ ಬ್ಯಾಂಕುಗಳಲ್ಲೇ ಬೇಕಾದಷ್ಟು ಡಾಲರ್ ಬಿದ್ದಿತ್ತು. ಅದನ್ನೇ ಎತ್ತಿದರೆ ಹೇಗೆ ಅಂತ ವಾರ್‌ಬರ್ಗ್ ಯೋಚಿಸಿತು. ಬ್ರಿಟನ್ನಿನಲ್ಲಿ ಸಹಿ ಮಾಡಿದರೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಹಾಗಾಗಿ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಸಹಿ ಹಾಕಿದರು. ಬಡ್ಡಿ ಪಾವತಿ ಲಕ್ಸೆಂಬರ್ಗ್‌ನಲ್ಲಿ. ಇಟಲಿಯ ಸಾಲಗಾರ, ಅಮೆರಿಕದ ಹಣ, ಇಂಗ್ಲೆಂಡಿನ ಬ್ಯಾಂಕು, ಹಾಲೆಂಡಿನಲ್ಲಿ ಸಹಿ. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ಕೆನಡಿ, ವಿದೇಶಿ ಬಾಂಡ್ ಕೊಳ್ಳುವ ಅಮೆರಿಕನ್ನರ ಮೇಲೆ ತೆರಿಗೆ ಹಾಕುವ ಪ್ರಸ್ತಾಪ ತಂದರು. ವ್ಯಾಪಾರ ಲಂಡನ್ನಿಗೆ ಹರಿದು ಬಂತು. ಇವತ್ತು ಲಂಡನ್ನಿನ ಬ್ಯಾಂಕುಗಳಲ್ಲಿ ನಮ್ಮಂಥ ಹೊರದೇಶದವರು ಇಷ್ಟು ಜನ ಕೆಲಸ ಮಾಡುತ್ತಿದ್ದೇವೆ ಅಂದರೆ, ಅದರ ಬೇರುಗಳಲ್ಲಿ ಒಂದು ಆ ವಿಮಾನ ನಿಲ್ದಾಣದ ಸಹಿಯಲ್ಲಿದೆ.

ಸೀಗ್‌ಮುಂಡ್ 1982ರಲ್ಲಿ ತೀರಿಕೊಂಡ. ನಾಲ್ಕು ವರ್ಷಕ್ಕೆ ಸರಿಯಾಗಿ, 1986ರ ಅಕ್ಟೋಬರ್ 27ಕ್ಕೆ, 'ಬಿಗ್ ಬ್ಯಾಂಗ್' ಆಯಿತು. ಅಡಿಕೆ ಮಂಡಿ ನೋಡಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ರೈತನ ಪರ ಮಾರಿಕೊಡುವ ಕಮಿಷನ್ ಏಜೆಂಟ್ ಬೇರೆ, ಸ್ವಂತ ದುಡ್ಡು ಹಾಕಿ ಅಡಿಕೆ ಕೊಂಡು ದಾಸ್ತಾನು ಮಾಡುವ ಖರೀದಿದಾರ ಬೇರೆ. ಲಂಡನ್ ಷೇರುಪೇಟೆಯಲ್ಲೂ ಹಾಗೇ ಇತ್ತು. ಗ್ರಾಹಕರ ಪರ ಬ್ರೋಕರ್, ದಾಸ್ತಾನು ಇಟ್ಟುಕೊಳ್ಳುವವನು ಜಾಬರ್, ಕಮಿಷನ್ ದರವೂ ನಿಗದಿ. ಆ ದಿನ ಈ ಗೋಡೆಗಳೆಲ್ಲ ಬಿದ್ದವು. ಒಬ್ಬನೇ ಎಲ್ಲ ಮಾಡಬಹುದು ಅಂತ ಆಯ್ತು. ವಾರ್‌ಬರ್ಗ್ ಅಕ್ರಾಯ್ಡ್ ಅಂಡ್ ಸ್ಮಿದರ್ಸ್ ಅನ್ನೋ ಜಾಬರ್, ರೋ ಅಂಡ್ ಪಿಟ್‌ಮನ್ ಅನ್ನೋ ಬ್ರೋಕರ್, ಸರ್ಕಾರಿ ಬಾಂಡುಗಳ ಮಲ್ಲೆನ್ಸ್, ಮೂರನ್ನೂ ತನ್ನೊಳಗೆ ಸೇರಿಸಿಕೊಂಡಿತು. ಅಂದರೆ ನುಂಗಿಸಿಕೊಳ್ಳುವ ಮುಂಚೆ ಅದೂ ನುಂಗಿತ್ತು. ರೋ ಅಂಡ್ ಪಿಟ್‌ಮನ್‌ಗೂ ಹಳೇ ಹೆಸರಿತ್ತು, ಅಲ್ಲಿನ ಗುಮಾಸ್ತರಿಗೂ ಹೊಟ್ಟೆಯೊಳಗೆ ತಳಮಳ ಆಗಿರಬೇಕು.

ಕೆಲವು ವರ್ಷ ಚೆನ್ನಾಗೇ ನಡೆಯಿತು. ಬ್ರಿಟನ್ನಿನ ಅತಿ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅನ್ನಿಸಿಕೊಂಡಿತು. ಮತ್ತೆ ಏನಾಯ್ತು?

ಸಲಹೆ ಕೊಡೋಕೆ ಬೇಕಾದ್ದು ತಲೆ. ದಾಸ್ತಾನು ಇಡೋಕೆ ಬೇಕಾದ್ದು ದುಡ್ಡು. ಬಿಗ್ ಬ್ಯಾಂಗ್ ಆದ ಮೇಲೆ ಆಟ ತಲೆಯಿಂದ ದುಡ್ಡಿಗೆ ಬಂತು. ಅಮೆರಿಕದ ಗೋಲ್ಡ್‌ಮನ್, ಮೆರಿಲ್, ಮಾರ್ಗನ್ ಸ್ಟಾನ್ಲಿಗಳಿಗೆ ತಮ್ಮ ದೇಶದ ದೊಡ್ಡ ಮಾರುಕಟ್ಟೆಯೇ ಬೆನ್ನಿಗಿತ್ತು. ವಾರ್‌ಬರ್ಗ್‌ಗೆ ಅದು ಇರಲಿಲ್ಲ. ಅವರ ಸಮಕ್ಕೆ ನಿಲ್ಲಬೇಕು ಅಂತ ಕಚೇರಿ ತೆರೆದರು, ಜನರನ್ನು ಸೇರಿಸಿಕೊಂಡರು, ಖರ್ಚು ಏರಿತು. 1994ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತಾ ಹೋಯಿತು, ಜಗತ್ತಿನಾದ್ಯಂತ ಬಾಂಡ್ ಬೆಲೆ ಕುಸಿಯಿತು. ಲಾಭ ಇಳಿಯಿತು.

ಆ ಡಿಸೆಂಬರಿನಲ್ಲಿ ಮಾರ್ಗನ್ ಸ್ಟಾನ್ಲಿ ಜೊತೆ ವಿಲೀನದ ಮಾತುಕತೆ ನಡೆಯುತ್ತಿದೆ ಅಂತ ಪ್ರಕಟಿಸಿದರು. ಒಂದೇ ವಾರದಲ್ಲಿ ಅದು ಮುರಿದುಬಿತ್ತು. ಗುಂಪಿನೊಳಗೇ ಇದ್ದ ಮರ್ಕ್ಯುರಿ ಅಸೆಟ್ ಮ್ಯಾನೇಜ್‌ಮೆಂಟ್ ಷರತ್ತುಗಳಿಗೆ ಒಪ್ಪಲಿಲ್ಲ. ನಮ್ಮ ಕಡೆ ನಿಶ್ಚಿತಾರ್ಥ ಮುರಿದ ಮನೆಯ ಬಗ್ಗೆ ಜನ ಹೇಗೆ ಮಾತಾಡ್ತಾರೆ ಗೊತ್ತಲ್ಲ? ಪೇಟೆಯೂ ಹಾಗೇ ಮಾತಾಡಿತು. ಇವರಿಗೆ ಒಂಟಿಯಾಗಿ ನಿಲ್ಲೋಕೆ ಆಗಲ್ಲ ಅಂತ ಇವರೇ ಹೇಳಿಕೊಂಡ ಹಾಗಾಯ್ತು. ಒಳ್ಳೊಳ್ಳೆಯವರು ಕೆಲಸ ಬಿಡತೊಡಗಿದರು. 1995ರ ಆರಂಭದಲ್ಲಿ ತಾನೇ ಹುಟ್ಟುಹಾಕಿದ ಯುರೋಬಾಂಡ್ ವಹಿವಾಟಿನಿಂದ ಬಹುಮಟ್ಟಿಗೆ ಹಿಂದೆ ಸರಿಯಿತು. ಫೆಬ್ರವರಿಯಲ್ಲಿ ಮುಖ್ಯ ಕಾರ್ಯನಿರ್ವಾಹಕರು ರಾಜೀನಾಮೆ ಕೊಟ್ಟರು. ಅದೇ ತಿಂಗಳು ಸಿಂಗಪುರದ ಒಬ್ಬ ಟ್ರೇಡರ್‌ನಿಂದಾಗಿ ಬ್ಯಾರಿಂಗ್ಸ್ ಮುಳುಗಿತು, ಒಂದು ಪೌಂಡಿಗೆ ಡಚ್ಚರ ಐಎನ್‌ಜಿ ಪಾಲಾಯಿತು. ಲಂಡನ್ನಿನ ಬ್ಯಾಂಕುಗಳ ಮೇಲಿನ ನಂಬಿಕೆಯೇ ಅಲ್ಲಾಡಿತು.

ಮೇ ತಿಂಗಳಲ್ಲಿ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್ 86 ಕೋಟಿ ಪೌಂಡಿಗೆ ವಾರ್‌ಬರ್ಗನ್ನು ಕೊಂಡಿತು. ಸೀಗ್‌ಮುಂಡ್ ಜೊತೆಗಾರ ಗ್ರುನ್‌ಫೆಲ್ಡ್‌ಗೆ ಆಗ 90 ವರ್ಷ. ಇಳಿವಯಸ್ಸಿನಲ್ಲೂ ಕಚೇರಿಗೆ ಬರುತ್ತಿದ್ದ ಮುದುಕ, ತಾನು ಕಟ್ಟಿದ್ದು ಮಾರಾಟ ಆಗುವುದನ್ನು ಕಣ್ಣಾರೆ ನೋಡಬೇಕಾಯಿತು.

ಇನ್ನು ಹೆಸರಿನ ಯಾತ್ರೆ ಕೇಳಿ. 1995ರಲ್ಲಿ ಎಸ್‌ಬಿಸಿ ವಾರ್‌ಬರ್ಗ್. 1997ರಲ್ಲಿ ನ್ಯೂಯಾರ್ಕಿನ ಡಿಲ್ಲನ್ ರೀಡ್ ಅನ್ನು ಕೊಂಡ ಮೇಲೆ ಎಸ್‌ಬಿಸಿ ವಾರ್‌ಬರ್ಗ್ ಡಿಲ್ಲನ್ ರೀಡ್. 1998ರಲ್ಲಿ ಸ್ವಿಸ್ ಬ್ಯಾಂಕ್ ಮತ್ತು ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡ್ ಸೇರಿ ಯುಬಿಎಸ್ ಆದಾಗ ವಾರ್‌ಬರ್ಗ್ ಡಿಲ್ಲನ್ ರೀಡ್. 2000ದಲ್ಲಿ ಯುಬಿಎಸ್ ವಾರ್‌ಬರ್ಗ್. 2003ರ ಜೂನ್‌ನಲ್ಲಿ ಬರೀ ಯುಬಿಎಸ್. ಎಂಟು ವರ್ಷದಲ್ಲಿ ಐದು ಹೆಸರು. ಮರ್ಕ್ಯುರಿ ಕತೆಯೂ ಬೇರೆಯಲ್ಲ. ಅದನ್ನು 1997ರಲ್ಲಿ ಮೆರಿಲ್ ಲಿಂಚ್ ಕೊಂಡಿತು, 2006ರಲ್ಲಿ ಅದು ಬ್ಲ್ಯಾಕ್‌ರಾಕ್ ಒಳಗೆ ಕರಗಿತು.

ಇವರೊಬ್ಬರೇ ಅಲ್ಲ. ಮಾರ್ಗನ್ ಗ್ರೆನ್‌ಫೆಲ್ 1989ರಲ್ಲೇ ಡಾಯ್ಚ ಬ್ಯಾಂಕಿಗೆ ಹೋಗಿತ್ತು. ಕ್ಲೈನ್‌ವರ್ಟ್ ಬೆನ್ಸನ್ 1995ರಲ್ಲಿ ಡ್ರೆಸ್‌ಡ್ನರ್‌ಗೆ, ಫ್ಲೆಮಿಂಗ್ಸ್ 2000ದಲ್ಲಿ ಚೇಸ್‌ಗೆ. ಪೇಟೆ ಲಂಡನ್ನಿನದು, ಅಂಗಡಿಗಳೆಲ್ಲ ಹೊರಗಿನವರದು.

ನನ್ನ ಮನಸ್ಸಿಗೆ ತಟ್ಟಿದ ವಿಷಯ ಒಂದಿದೆ. ಹ್ಯಾಂಬರ್ಗಿನ ಮೂಲ ಬ್ಯಾಂಕಿನಿಂದ ವಾರ್‌ಬರ್ಗ್ ಹೆಸರನ್ನು ನಾಜಿ ಕಾಲದಲ್ಲಿ ಕಿತ್ತು ಹಾಕಿದ್ದರು. ಯಹೂದಿ ಹೆಸರು ಇರಬಾರದು ಅಂತ. 1991ರಲ್ಲಿ ಅದು ಆ ಹೆಸರನ್ನು ಪೂರ್ತಿ ವಾಪಸ್ ಪಡೆಯಿತು, ಇವತ್ತಿಗೂ ಇದೆ. ಲಂಡನ್ನಿನಲ್ಲಿ ಯಾವ ಸರ್ವಾಧಿಕಾರಿಯೂ ಇರಲಿಲ್ಲ. ಎಲ್ಲ ವ್ಯವಹಾರಕ್ಕೂ ಒಂದೇ ಬ್ರಾಂಡ್ ಸಾಕು ಅಂತ ತೀರ್ಮಾನ ಆಯಿತು, ಹೆಸರು ಹೋಯಿತು. ದ್ವೇಷ ಅಳಿಸಿದ ಹೆಸರಿಗಾಗಿ ಹೋರಾಡುವವರು ಇರ್ತಾರೆ. ಬ್ಯಾಲೆನ್ಸ್ ಶೀಟ್ ಅಳಿಸಿದ್ದಕ್ಕೆ ಯಾರೂ ಬರುವುದಿಲ್ಲ.

ಇದು ನಮಗೆ ದೂರದ ಕತೆಯಾ? ಮಂಗಳೂರು ಉಡುಪಿ ಕಡೆಯವರು ಇಲ್ಲಿ ಎಷ್ಟು ಜನ ಇದ್ದೀರಿ, ನಿಮ್ಮ ಮುಖ ನೋಡಿದರೆ ಗೊತ್ತಾಗ್ತಿದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಹೋಯಿತು. 1931ರ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿಗೆ. ಅದೇ ದಿನ 1925ರ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ. ಮನೆ ಬಾಗಿಲಿಗೆ ಬಂದು ಪುಡಿಗಾಸು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ ಕಲಿಸಿದ್ದು ಸಿಂಡಿಕೇಟು. ಇವು ವಾರ್‌ಬರ್ಗ್ ತರಹದ ಬ್ಯಾಂಕುಗಳಲ್ಲ, ವಿಲೀನ ಮಾಡಿದ್ದು ಪೇಟೆಯಲ್ಲ, ಸರ್ಕಾರ. ಆದರೂ ಕೌಂಟರಿನ ಆಚೆ ಈಚೆ ನಿಂತವರಿಗೆ ಆದ ಅನುಭವ ಒಂದೇ.

ನಾನೂ ಇದೇ ಊರಿನಲ್ಲಿ ಎರಡು ವಿಲೀನ ದಾಟಿದವನು. ಸಂಸ್ಥೆಯ ಹೆಸರು ಬೇಡ. ಮೊದಲ ದಿನ ಹೊಸ ಗುರುತಿನ ಚೀಟಿ, ಕೇಕು, ಏನೂ ಬದಲಾಗುವುದಿಲ್ಲ ಅನ್ನೋ ಭಾಷಣ. ಮೂರನೇ ತಿಂಗಳಿಗೆ 'ಸಿನರ್ಜಿ' ಅನ್ನೋ ಪದ ಬರುತ್ತೆ. ಸಿನರ್ಜಿ ಅಂದರೆ, ಒಂದೇ ಕೆಲಸಕ್ಕೆ ಎರಡು ಕುರ್ಚಿ ಯಾಕೆ ಅಂತ. ನಮ್ಮ ತಂಡದಲ್ಲಿದ್ದ ದಾವಣಗೆರೆ ಕಡೆಯ ಹುಡುಗನ ಕುರ್ಚಿ ಹೋಯಿತು. ವೀಸಾ ಕಂಪನಿಯ ಪ್ರಾಯೋಜಕತ್ವದ್ದು. ಹೆಂಡತಿ ತುಂಬು ಗರ್ಭಿಣಿ. ಊರಿನ ತಾಯಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಮ್ಮ ಅಂತಿದ್ದ, ರಾತ್ರಿ ಅರ್ಜಿ ಹಾಕುತ್ತಿದ್ದ. ಇದೇ ಸಭಾಂಗಣದಲ್ಲಿ ಕೂತಿರುವ ನಾಲ್ಕು ಜನ ತಮ್ಮ ತಮ್ಮ ಕಚೇರಿಯಲ್ಲಿ ವಿಚಾರಿಸಿ, ಗಡುವಿಗೆ ಒಂಬತ್ತು ದಿನ ಇರುವಾಗ ಅವನಿಗೆ ಕೆಲಸ ಸಿಕ್ಕಿತು. ಆ ನಾಲ್ವರು ಯಾರು ಅಂತ ಹೇಳಬಾರದು ಅಂತ ಅವರೇ ಕೇಳಿಕೊಂಡಿದ್ದಾರೆ.

ಹಾಗಾಗಿ ಕೆಲವು ವಿಷಯ ಬಿಡಿಸಿ ಹೇಳ್ತೀನಿ, ಬರೆದುಕೊಳ್ಳಿ.

ಒಂದು. ನಿಮ್ಮ ಕಂಪನಿಯ ಷೇರುಗಳನ್ನು ಇನ್ನೊಬ್ಬರು ಕೊಂಡರೆ ನಿಮ್ಮ ಕರಾರು ಹಾಗೇ ಮುಂದುವರಿಯುತ್ತೆ. ವ್ಯವಹಾರವನ್ನೇ ಬೇರೆ ಕಂಪನಿಗೆ ವರ್ಗಾಯಿಸಿದರೆ 'ಟ್ಯೂಪಿ' ನಿಯಮ ನಿಮ್ಮ ಷರತ್ತುಗಳನ್ನು ಕಾಪಾಡುತ್ತೆ. ಹೊಸ ಕಾಗದಕ್ಕೆ ಸಹಿ ಹಾಕು ಅಂದರೆ ಓದದೆ ಹಾಕಬೇಡಿ.

ಎರಡು. ಒಂದೇ ಕಡೆ 90 ದಿನದೊಳಗೆ 20 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ತೆಗೆಯುವುದಾದರೆ ಕನಿಷ್ಠ 30 ದಿನ ಮುಂಚೆ, 100 ಅಥವಾ ಅದಕ್ಕಿಂತ ಹೆಚ್ಚಾದರೆ 45 ದಿನ ಮುಂಚೆ ಸಮಾಲೋಚನೆ ಶುರು ಮಾಡಬೇಕು. ಕಾನೂನಿನ ಪರಿಹಾರಕ್ಕೆ ಎರಡು ವರ್ಷ ಸೇವೆ ಆಗಿರಬೇಕು.

ಮೂರು. ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಕೆಲಸ ಹೋದರೆ, ಹೋಮ್ ಆಫೀಸ್ ವೀಸಾ ಅವಧಿ ಕಡಿತದ ಪತ್ರ ಕಳಿಸಿ ಸಾಮಾನ್ಯವಾಗಿ 60 ದಿನ ಕೊಡುತ್ತೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡರೆ ಆ ದಿನಗಳೇ ಕರಗುವುದು. ಮೊದಲ ದಿನವೇ ನಮಗೆ ಹೇಳಿ.

ನಾಲ್ಕು. ಕಂಪನಿ ಹೆಸರು ಅಳಿದರೂ ನಿಮ್ಮ ಪಿಂಚಣಿ ಅಳಿಯುವುದಿಲ್ಲ. ಹಳೇ ಉದ್ಯೋಗದಾತರ ಪಿಂಚಣಿ ಯಾರ ಕೈಗೆ ಹೋಗಿದೆ ಅಂತ ತಿಳಿಯಲು ಸರ್ಕಾರದ ಪೆನ್ಷನ್ ಟ್ರೇಸಿಂಗ್ ಸರ್ವಿಸ್ ಇದೆ, ಉಚಿತ.

ಐದು. ಊರಿನ ಬೀರುವಿನಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನ ಪಾಸ್‌ಬುಕ್ಕು, ಠೇವಣಿ ಪತ್ರ ಇದೆಯಾ ಅಂತ ಮುಂದಿನ ಸಲ ಹೋದಾಗ ನೋಡಿ. ಹತ್ತು ವರ್ಷ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ಆದರೂ ಅದು ನಿಮ್ಮದೇ, ಹಕ್ಕು ಕೇಳಬಹುದು. ಹುಡುಕಲು 2023ರಿಂದ ರಿಸರ್ವ್ ಬ್ಯಾಂಕಿನ 'ಉದ್ಗಮ್' ಅನ್ನೋ ಜಾಲತಾಣ ಇದೆ. ಹಳೇ ಹೆಸರಲ್ಲ, ಈಗಿನ ಬ್ಯಾಂಕಿನ ಹೆಸರಲ್ಲಿ ಹುಡುಕಬೇಕು.

ಕೊನೆಯ ಮಾತು. ವಾರ್‌ಬರ್ಗ್ ಯಾವತ್ತು ಮುಗಿಯಿತು ಅಂತ ಕೇಳಿದರೆ ಪುಸ್ತಕ 1995 ಅನ್ನುತ್ತೆ, ನಾಮಫಲಕ 2003 ಅನ್ನುತ್ತೆ. ನನಗನ್ನಿಸೋದು ಬೇರೆ. ಆ ಬ್ಯಾಂಕು ಬೆಳೆದಾಗ ಅದಕ್ಕೆ ನಾಮಫಲಕವೇ ಇರಲಿಲ್ಲ. ಇದ್ದದ್ದು 9:15ರ ಸಭೆ, ಹಂಚಿಕೊಂಡು ಓದುವ ಪತ್ರ, ಒಬ್ಬನ ವಿಷಯ ಎಲ್ಲರಿಗೂ ಗೊತ್ತಿರುವ ಪದ್ಧತಿ. ಸಾವಿರಾರು ಜನ, ಹತ್ತಾರು ದೇಶ ಆದ ಮೇಲೆ ಆ ಪದ್ಧತಿ ಸಡಿಲವಾಯಿತು. ಹೆಸರು ಹೋದದ್ದು ಎಲ್ಲಕ್ಕಿಂತ ಕೊನೆಗೆ.

ನಮ್ಮ ಸಂಘವೂ ದೊಡ್ಡದಾಗುತ್ತಿದೆ, ಸಂತೋಷ. ಈ ವರ್ಷ ವೇದಿಕೆ ದೊಡ್ಡದು, ಬ್ಯಾನರ್ ದೊಡ್ಡದು. ಆದರೆ ಯಾರ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಬಾಣಂತನಕ್ಕೆ ಜನ ಇಲ್ಲ ಅನ್ನೋದು ನಮಗೆ ಗೊತ್ತಾಗುತ್ತಾ ಇದೆಯಾ? ಅದಕ್ಕೆ ಸಮಿತಿಗೆ ನನ್ನದೊಂದು ಕೋರಿಕೆ. ತಿಂಗಳಿಗೊಂದು ಭಾನುವಾರ, ಹಾಡು ಕುಣಿತ ಇಲ್ಲದೆ, ಬರೀ ಕಾಫಿ ಇಟ್ಟುಕೊಂಡು ಒಂದು ಗಂಟೆ ಕೂರೋಣ. ಕೆಲಸ ಹುಡುಕುವವರು, ಕೆಲಸ ಇದೆ ಅಂತ ಗೊತ್ತಿರುವವರು ಬರಲಿ. ಮೊದಲ ಸಲದ ಕಾಫಿ ನನ್ನ ಲೆಕ್ಕ.

ಬಿಸಿಬೇಳೆಬಾತ್ ಆರುವ ಮುಂಚೆ ಮುಗಿಸುತ್ತೇನೆ. ಜೈ ಕರ್ನಾಟಕ.